ನೀವು ಮೇಷ್ಟ್ರಾದದ್ದು ನಿಜಕ್ಕೂ ಏಕೆ? ಕೊಡಗಿನ ಶಿಕ್ಷಕರಲ್ಲಿ ಒಂದು ಪ್ರಶ್ನೆ

ಕೂಡಿಗೆ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಕೂಡಿಗೆಯಲ್ಲಿ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ಎರಡನೇ ವರ್ಷ ಓದುತ್ತಿದ್ದೇನೆ. ಊರು ಸಿದ್ದಾಪುರದ ಕಡೆ. ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ, ನಮ್ಮನ್ನು ಈ ದಾರಿಗೆ ತಂದ ಅನುಭವಗಳ ಬಗ್ಗೆ ಒಂದು ಬರಹ ಕೊಡಬೇಕಾಗಿದೆ. ಗೆಳತಿಯರು ಬರೆದದ್ದನ್ನು ಓದಿದೆ. ಬಹುತೇಕ ಎಲ್ಲದರಲ್ಲೂ ದೇವರಂಥ ಒಬ್ಬ ಗುರು, ಒಂದು ಶ್ಲೋಕ, ಕೊನೆಗೆ ದೇಶದ ಭವಿಷ್ಯ. ಹಾಗೆ ಬರೆಯಲು ನನಗೂ ಬರುತ್ತದೆ, ಮನಸ್ಸು ಮಾತ್ರ ಬರುತ್ತಿಲ್ಲ. ನನಗೆ ದೇವರಂಥ ಗುರು ಸಿಗಲೂ ಇಲ್ಲ.

ಆದ್ದರಿಂದ ಇಲ್ಲಿರುವ ಹಿರಿಯರಲ್ಲಿ ಕೇಳುತ್ತಿದ್ದೇನೆ. ನಿಮ್ಮನ್ನು ಈ ಕೆಲಸಕ್ಕೆ ತಂದದ್ದು ಏನು? ತಂದದ್ದು ಒಂದು, ಉಳಿಸಿಕೊಂಡದ್ದು ಇನ್ನೊಂದು ಆಗಿದ್ದರೆ ಎರಡನ್ನೂ ಹೇಳಿ. ಸಂಬಳ ಎಂದರೂ ಬೇಸರವಿಲ್ಲ.

ಬಯಲುಸೀಮೆ ಮೇಷ್ಟ್ರು:

ಸಂಬಳ ಎಂದರೂ ಬೇಸರವಿಲ್ಲ ಎಂದಿರಲ್ಲ, ಧೈರ್ಯವಾಗಿ ಬರೆಯುತ್ತೇನೆ ತಂಗಿ. ನನ್ನನ್ನು ತಂದದ್ದು ಸಂಬಳವೇ.

ನಾನು ವಿಜಯಪುರ ಜಿಲ್ಲೆಯವನು. ಟಿ.ಸಿ.ಎಚ್. ಎಂಬ ಆಗಿನ ಶಿಕ್ಷಕರ ತರಬೇತಿ ಮುಗಿಸಿ ಕೂತಿದ್ದವನಿಗೆ ತೊಂಬತ್ತರ ದಶಕದಲ್ಲಿ ನೇಮಕಾತಿ ಆದೇಶ ಬಂದಾಗ, ಕೊಡಗು ಎಲ್ಲಿದೆ ಎಂದು ಮನೆಯವರಿಗೆ ನಕ್ಷೆಯಲ್ಲಿ ತೋರಿಸಬೇಕಾಯಿತು. ಮಳೆ ಕೈಕೊಟ್ಟು ಅಪ್ಪ ಸಾಲದಲ್ಲಿದ್ದರು. ಮಳೆಯಿಲ್ಲದ ಊರು ಬಿಟ್ಟವನು ಬಂದು ಬಿದ್ದದ್ದು ಭಾಗಮಂಡಲದ ಆಚೆಯ ಒಂದು ಏಕೋಪಾಧ್ಯಾಯ ಶಾಲೆಗೆ, ಅದೂ ಜೂನ್ ತಿಂಗಳಲ್ಲಿ. ನಮ್ಮೂರಲ್ಲಿ ವರ್ಷವಿಡೀ ಬೀಳುವ ಮಳೆ ಅಲ್ಲಿ ಮುಂಗಾರಿನ ಒಂದೇ ವಾರದಲ್ಲಿ ಸುರಿಯುವುದುಂಟು. ಮೊದಲ ದಿನವೇ ಕಾಲಿಗೆ ಜಿಗಣೆ ಹತ್ತಿತು. ನಾನು ಕುಣಿದಾಡಿದ್ದನ್ನು ನೋಡಿ ಇಡೀ ಶಾಲೆ ನಕ್ಕಿತು. ಒಂದನೇ ತರಗತಿಯ ಹುಡುಗಿಯೊಬ್ಬಳು ಬಂದು ಚಿಟಿಕೆ ಉಪ್ಪು ಹಾಕಿ ಅದನ್ನು ಉದುರಿಸಿ, ಏನೂ ಆಗದವಳಂತೆ ತನ್ನ ಜಾಗಕ್ಕೆ ಹೋಗಿ ಕೂತಳು.

ಶಾಲೆಗೆ ತಗಡಿನ ಮಾಡು. ಮಳೆ ಹೊಡೆಯತೊಡಗಿದರೆ ಮೊದಲ ಸಾಲಿನ ಮಗುವಿಗೂ ನನ್ನ ಮಾತು ಕೇಳುತ್ತಿರಲಿಲ್ಲ. ಮೇಷ್ಟ್ರು ಜೋರಾಗಿ ಹೇಳುವುದು, ಮಕ್ಕಳು ಅಷ್ಟೇ ಜೋರಾಗಿ ತಿರುಗಿ ಹೇಳುವುದು, ನಾನು ಕಂಡಿದ್ದ ಪಾಠ ಅಷ್ಟೇ. ತಿಂಗಳು ಕಳೆಯುವುದರೊಳಗೆ ಗಂಟಲು ಕಟ್ಟಿತು. ಬೇರೆ ದಾರಿಯಿಲ್ಲದೆ ಹಲಗೆಯ ಮೇಲೆ ಚಿತ್ರ ಬಿಡಿಸತೊಡಗಿದೆ. ಕಾಫಿ ಬೀಜ, ಬೆಣಚುಕಲ್ಲು ಹಿಡಿದು ಲೆಕ್ಕ ಮಾಡಿಸಿದೆ. ನಾಲ್ಕನೇ ತರಗತಿಯವರನ್ನು ಒಂದನೆಯವರ ಪಕ್ಕ ಕೂರಿಸಿ, ಕಿವಿಯಲ್ಲಿ ಹೇಳಿಕೊಡಲು ಬಿಟ್ಟೆ. ನಾನು ಸುಮ್ಮನೆ ನಡುವೆ ಓಡಾಡುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ತರಬೇತಿಯೊಂದರಲ್ಲಿ ಗುಂಪು ಕಲಿಕೆ, ಸಹಪಾಠಿಯಿಂದ ಕಲಿಕೆ ಎಂದು ಚಾರ್ಟು ತೂಗುಹಾಕಿ ವಿವರಿಸಿದಾಗ, ಭಾಗಮಂಡಲದ ಮಳೆ ನನ್ನಿಂದ ಇದನ್ನೆಲ್ಲ ಮೊದಲೇ ಮಾಡಿಸಿತ್ತಲ್ಲ ಎಂದು ನಗು ಬಂತು.

ಇನ್ನು ಉಳಿಸಿಕೊಂಡದ್ದರ ಮಾತು. ಹೊಳೆ ಏರಿದ ದಿನ ಆಚೆ ದಡದ ಮಕ್ಕಳನ್ನು ಈಚೆ ದಡದ ಮನೆಗಳವರು ರಾತ್ರಿ ಇರಿಸಿಕೊಳ್ಳುತ್ತಿದ್ದರು. ಯಾವ ಮಗು ಯಾರ ಮನೆಯಲ್ಲಿ ಎಂದು ನೋಡಿ ಬರೆದಿಟ್ಟುಕೊಳ್ಳುವುದು ನನ್ನ ಕೆಲಸ. ಮೊಬೈಲ್ ಇಲ್ಲದ ಕಾಲ. ಬೆಳಿಗ್ಗೆ ಆಚೆ ದಡದಲ್ಲಿ ಕೊಡೆ ಹಿಡಿದು ನಿಂತ ಅಪ್ಪಂದಿರಿಗೆ, ಎಲ್ಲರೂ ಸರಿಯಾಗಿದ್ದಾರೆ ಎಂದು ಈಚೆಯಿಂದ ಕೈ ಎತ್ತಿ ತೋರಿಸಬೇಕು. ಅವರು ಅಷ್ಟನ್ನು ನೋಡಿ ಕೆಲಸಕ್ಕೆ ಹೋಗುತ್ತಿದ್ದರು. ಜೋಳದ ರೊಟ್ಟಿ ಸಿಗದ ಊರು ಎಂದು ಗೊಣಗುತ್ತಿದ್ದವನು ವರ್ಗಾವಣೆ ಅರ್ಜಿ ತುಂಬುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ. ಇದನ್ನು ಸೇವಾ ಮನೋಭಾವ ಎಂದು ಬರೆಯಬೇಡಿ. ಅಷ್ಟು ನಂಬುವ ಜನರ ನಡುವೆ ಕೆಲಸ ಮಾಡುವುದು ಸುಲಭ, ಅಷ್ಟೇ.

ಕರಿಮೆಣಸು:

ಮೇಷ್ಟ್ರ ಬರಹ ಚೆನ್ನಾಗಿದೆ. ಆದರೂ ವಿದ್ಯಾರ್ಥಿನಿಗೆ ಒಂದು ಮಾತು. ಇಲ್ಲಿ ಕಥೆ ಹೇಳಲು ಬರುವವರೆಲ್ಲ ಕೆಲಸದಲ್ಲಿ ಉಳಿದವರು. ಬಿಟ್ಟುಹೋದವರನ್ನು ಯಾರು ಕೇಳುತ್ತಾರೆ? ಅವರಿಗೂ ಆರಂಭದಲ್ಲಿ ಇಂಥದೇ ಅನುಭವಗಳಿದ್ದವು. ನಾನು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿ ಬಿಟ್ಟವನು. ಈಗ ತೋಟ ನೋಡಿಕೊಳ್ಳುತ್ತೇನೆ. ಬಿಟ್ಟವನ ಮಾತೂ ಬೇಕೇ?

ಕೂಡಿಗೆ ವಿದ್ಯಾರ್ಥಿನಿ:

ಬೇಕು ಸರ್. ಅದೇ ಹೆಚ್ಚು ಬೇಕು.

ಕರಿಮೆಣಸು:

ರಾತ್ರಿ ಬರೆಯುತ್ತೇನೆ. ಕಣದಲ್ಲಿ ಕಾಫಿ ಹರಡಿದೆ, ಹಾಳು ಮೋಡ ಕಟ್ಟುತ್ತಿದೆ.

ಏಲಕ್ಕಿ:

ನಾನು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ಎಂಬ ಚಟುವಟಿಕೆ ಪದ್ಧತಿಯ ತರಗತಿ ನೋಡಿಕೊಳ್ಳುವವಳು. ಹುಟ್ಟಿದ್ದು ತೋಟದ ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ತಮಿಳುನಾಡಿನಿಂದ ಕೆಲಸಕ್ಕೆ ಬಂದು ತೋಟದಲ್ಲೇ ನಿಂತವರು. ನಮ್ಮ ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ಮಲಯಾಳ, ಹಿಂದಿನ ಸಾಲಿನಲ್ಲಿ ಯರವ ಬುಡಕಟ್ಟಿನವರ ಮಾತು, ಮಾಲೀಕರ ಮನೆಯಲ್ಲಿ ಕೊಡವ ತಕ್ಕ್, ತೋಟದ ಲೆಕ್ಕ ಬರೆಯುವ ರೈಟರ್ ಮನೆಯಲ್ಲಿ ಅರೆಭಾಷೆ. ಕನ್ನಡ ಇದ್ದದ್ದು ಶಾಲೆಯಲ್ಲಿ ಮತ್ತು ಬಸ್ಸಿನ ಬೋರ್ಡಿನಲ್ಲಿ.

ಒಂದನೇ ತರಗತಿಯಲ್ಲಿ ನಾನು ಬಾಯಿ ತೆರೆದದ್ದೇ ಕಡಿಮೆ. ಟೀಚರ್ ಕೆಟ್ಟವರಲ್ಲ. ನಾನು ಮಂದ ಎಂದು ತಿಳಿದು ಕನಿಕರ ತೋರಿಸುತ್ತಿದ್ದರು. ಆ ಕನಿಕರವೇ ನನಗೆ ಕೆಟ್ಟದ್ದು ಮಾಡಿತು. ಪ್ರಶ್ನೆ ಸಾಲಿನಲ್ಲಿ ಬರುತ್ತಾ ಬರುತ್ತಾ ನನ್ನ ಹತ್ತಿರ ಬಂದಾಗ ಮುಂದಿನವರಿಗೆ ಹಾರಿಬಿಡುತ್ತಿತ್ತು. ಬೈಸಿಕೊಂಡ ಮಕ್ಕಳನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ ಎಂದರೆ ನಂಬುತ್ತೀರಾ?

ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಮೇಲಿನ ತರಗತಿಯ ಒಬ್ಬ ಯರವರ ಹುಡುಗಿ. ಅವಳಿಗೆ ಲೈನಿನ ಎಲ್ಲ ಭಾಷೆಗಳೂ ಬರುತ್ತಿದ್ದವು. ಬಿಸಿಲು ಕಾಯುವ ನೆಪದಲ್ಲಿ ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಒಳಗೆ ನಡೆದದ್ದನ್ನೆಲ್ಲ ತಮಿಳಿನಲ್ಲಿ ಹೇಳಿಬಿಡುತ್ತಿದ್ದಳು. ಅವಳು ಐದನೇ ತರಗತಿಗೇ ಶಾಲೆ ಬಿಟ್ಟಳು. ನಾನು ಮೂರನೆಯದಕ್ಕೆ ಬರುವ ಹೊತ್ತಿಗೆ ಹೊಸದಾಗಿ ಸೇರಿದ ಲೈನಿನ ಮಕ್ಕಳನ್ನು ಟೀಚರ್ ನನ್ನ ಪಕ್ಕ ಕೂರಿಸತೊಡಗಿದ್ದರು. ಇನ್ನೊಬ್ಬರಿಗೆ ಹೇಳಿಕೊಡಬೇಕಾಗಿ ಬಂದಾಗಲೇ ನನಗೂ ಪಾಠ ಸರಿಯಾಗಿ ತಿಳಿಯುತ್ತಿತ್ತು. ನನ್ನ ಟೀಚರ್ ಕೆಲಸ ಶುರುವಾದದ್ದು ಅಲ್ಲಿ, ಆದೇಶ ಬಂದದ್ದು ತಡವಾಗಿ.

ಇನ್ನೊಂದು ವಿಷಯ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕುಯ್ಲು, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಅಪ್ಪ ಅಮ್ಮ ಇಬ್ಬರೂ ಹಣ್ಣು ಕುಯ್ಯಲು ಹೋದರೆ ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯಬೇಕು. ಕುಯ್ಲು ಮುಗಿಯುವುದೂ ವಾರ್ಷಿಕ ಪರೀಕ್ಷೆ ಬರುವುದೂ ಒಂದೇ ಹೊತ್ತಿಗೆ. ನಾನೂ ಹಾಗೆ ಉಳಿದವಳೇ. ತಿರುಗಿ ಹೋದಾಗ ಪುಸ್ತಕ ಎಷ್ಟೋ ಪುಟ ಮುಂದೆ ಓಡಿರುತ್ತಿತ್ತು.

ಆದ್ದರಿಂದಲೇ ನಲಿಕಲಿಯನ್ನು ಎಲ್ಲರೂ ಬೈಯುವಾಗಲೂ ನಾನು ಬೈಯುವುದಿಲ್ಲ. 1995ರಲ್ಲಿ ನಮ್ಮ ಗಡಿಗೆ ತಾಗಿದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರಕಾರಿ ಶಿಕ್ಷಕರು ಆರಂಭಿಸಿದ್ದು ಅದು. ಕಾರ್ಡುಗಳಿವೆ, ಕಲಿಕಾ ಏಣಿ ಇದೆ, ಮಗು ತಾನು ನಿಂತ ಮೈಲಿಗಲ್ಲಿನಿಂದಲೇ ಮುಂದೆ ಹೋಗುತ್ತದೆ. ಮೂರು ವಾರ ಬಾರದ ಮಗು ಬಂದರೆ ಅದರ ಕಾರ್ಡು ಅಲ್ಲೇ ಕಾಯುತ್ತಿರುತ್ತದೆ. ಕಾರ್ಡು ಹರಿದಿರುತ್ತದೆ, ಗುಂಪು ಗುರುತಿಸುವ ತಟ್ಟೆ ಸಾಲದು, ಎರಡು ಮೂರು ತರಗತಿಗಳಿಗೆ ಒಬ್ಬಳೇ ಟೀಚರ್, ಎಲ್ಲ ನಿಜ. ಆದರೆ ಗೈರುಹಾಜರಾದ ಮಗುವನ್ನು ಶಿಕ್ಷಿಸದ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ.

ಸ್ಟಿಕ್ ಹಿಡಿದವನು:

ನನ್ನದು ಚಿಕ್ಕದು. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗ ನಾನು ಹೈಸ್ಕೂಲು. ರಾಜ್ಯ ತಂಡದ ಕನಸಿತ್ತು. ಮೊಣಕಾಲು ಹೋಯಿತು, ಕನಸೂ ಹೋಯಿತು. ಬಿ.ಪಿ.ಇಡಿ. (ದೈಹಿಕ ಶಿಕ್ಷಣದ ಪದವಿ) ಮಾಡಿದ್ದು ಮೈದಾನದ ಪಕ್ಕದಲ್ಲಾದರೂ ಇರಬೇಕು ಎಂದು. ಶಾಲೆಯಲ್ಲಿ ಸ್ಟಿಕ್ ಹಿಡಿದೇ ಇರದ ಮಕ್ಕಳಿಗೆ, ಅದರಲ್ಲೂ ಲೈನ್ ಮನೆಗಳಿಂದ ಬರುವ ಹೆಣ್ಣುಮಕ್ಕಳಿಗೆ ಕಲಿಸತೊಡಗಿದ ಮೇಲೆ ನನ್ನ ಮೊಣಕಾಲಿನ ನೆನಪು ಕಡಿಮೆಯಾಯಿತು. ಮಳೆಗಾಲದಲ್ಲಿ ನನ್ನ ಪೀರಿಯಡ್ ಅನ್ನು ಗಣಿತದವರು ಕಿತ್ತುಕೊಳ್ಳುತ್ತಾರೆ ಎಂಬುದೊಂದು ಬಿಟ್ಟರೆ ದೂರಿಲ್ಲ.

ಹಟ್ಟಿಹೊಳೆ:

2018ರ ಆಗಸ್ಟ್ ಬಗ್ಗೆ ಬರೆಯಲು ನನಗೆ ಅಷ್ಟು ಇಷ್ಟವಿಲ್ಲ, ಆದರೆ ನನ್ನ ಉತ್ತರ ಇರುವುದು ಅಲ್ಲೇ.

ಆಗ ಬಿ.ಎಸ್ಸಿ. ಓದುತ್ತಿದ್ದೆ. ಗುಡ್ಡ ಜಾರಿದ ಮೇಲೆ ನಮ್ಮ ಕುಟುಂಬ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿತ್ತು. ಮಕ್ಕಂದೂರು, ಮುಕ್ಕೋಡ್ಲು, ಉದಯಗಿರಿ ಕಡೆಯವರೆಲ್ಲ ಅಲ್ಲಿ ಇಲ್ಲಿ ಹಂಚಿಹೋಗಿದ್ದರು. ದೊಡ್ಡವರಿಗೆ ಮಾಡಲು ಕೆಲಸವಿತ್ತು. ಪಟ್ಟಿ, ಅರ್ಜಿ, ಆಧಾರ್, ದನ ಎಲ್ಲಿ ಹೋಯಿತು ಎಂಬ ಹುಡುಕಾಟ. ಮಕ್ಕಳಿಗೆ ಏನೂ ಇರಲಿಲ್ಲ. ದಾನಿಗಳು ತಂದ ಬಿಸ್ಕತ್ತು, ಆಟಿಕೆ ರಾಶಿ ಬಿದ್ದಿದ್ದವು. ಅದರ ಸುತ್ತ ಸುಮ್ಮನೆ ಕೂತಿರುತ್ತಿದ್ದರು.

ಅಲ್ಲಿಗೆ ಒಬ್ಬ ಟೀಚರ್ ಬಂದರು. ಅವರ ಮನೆಗೂ ಮಣ್ಣು ನುಗ್ಗಿತ್ತು. ಅವರು ಮಕ್ಕಳಿಗೆ ಧೈರ್ಯ ಹೇಳಲಿಲ್ಲ, ಆಟ ಆಡಿಸಲಿಲ್ಲ. ಸಾಲಾಗಿ ಕೂರಿಸಿ ಹಾಜರಿ ಕರೆದರು. ಹಾಜರಿ ಪುಸ್ತಕ ಇರಲಿಲ್ಲ. ತರಗತಿಯಲ್ಲಿ ಯಾವ ಕ್ರಮದಲ್ಲಿ ಹೆಸರುಗಳಿದ್ದವೋ ಅದೇ ಕ್ರಮದಲ್ಲಿ ನೆನಪಿನಿಂದಲೇ ಕರೆಯುತ್ತಾ ಹೋದರು. ಬೇರೆ ಕೇಂದ್ರದಲ್ಲಿದ್ದ ಮಕ್ಕಳ ಹೆಸರು ಬಂದಾಗ, ಅವನು ಎಲ್ಲಿದ್ದಾನೆ ಎಂದು ಉಳಿದವರು ಕೂಗಿ ಹೇಳಿದರು. ಅರ್ಧ ಗಂಟೆಯಲ್ಲಿ ಆ ಸಭಾಂಗಣದಲ್ಲಿ ಕಿವಿ ಕಿತ್ತುಹೋಗುವಷ್ಟು ಗದ್ದಲ. ಆಮೇಲೆ ಅವರು ಮಗ್ಗಿ ಶುರು ಮಾಡಿದರು. ನಾನು ದೊಡ್ಡ ಮಕ್ಕಳಿಗೆ ವಿಜ್ಞಾನ ಹೇಳಲು ನಿಂತೆ. ಗುಡ್ಡ ಏಕೆ ಕುಸಿಯಿತು ಎಂದೇ ಕೇಳಿದರು. ತಿಂಗಳುಗಟ್ಟಲೆ ಮಳೆ ಕುಡಿದ ಮಣ್ಣಿನ ತೂಕ, ಕಡಿದಾದ ಇಳಿಜಾರು, ಒಳಗೆ ಸೇರಿ ಹೊರದಾರಿ ಸಿಗದ ನೀರು, ರಸ್ತೆಗೂ ಮನೆಗೂ ಲಂಬವಾಗಿ ಕಡಿದ ಧರೆ, ತಿಳಿದಷ್ಟು ಬಿಡಿಸಿ ತೋರಿಸಿದೆ. ಕಾರಣ ಗೊತ್ತಾದರೆ ದುಃಖ ಕಡಿಮೆಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅವರು ಮರುದಿನವೂ ಪ್ರಶ್ನೆ ತಂದರು.

ಬಿ.ಇಡಿ. ಮುಗಿಸಿ ಈಗ ಸರಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕ. ಸಂಬಳ ಕೇಳಬೇಡಿ. ಗೌರವಧನ ಎನ್ನುತ್ತಾರೆ.

ಕರಿಮೆಣಸು:

ಕಾಫಿ ಒಳಗೆ ಹಾಕಿ ಬಂದೆ. ಈಗ ಕೇಳಿ.

ನಾನು ಬಿ.ಇಡಿ. ಮಾಡಿದ್ದೇ ನನಗೆ ಗಣಿತ ಕಲಿಸಿದ ಒಬ್ಬ ಮೇಷ್ಟ್ರ ಕಾರಣಕ್ಕೆ. ಹಲಗೆಯ ಎಡಮೂಲೆಯಲ್ಲಿ ಎತ್ತಿಕೊಂಡ ಪ್ರಮೇಯ ಬಲಮೂಲೆಗೆ ಬರುವುದೂ ಗಂಟೆ ಹೊಡೆಯುವುದೂ ಒಟ್ಟಿಗೆ. ಆ ಅಂದಕ್ಕೆ ಮರುಳಾದವನು ನಾನು. ಶಾಲೆಗೆ ಸೇರಿದ ಮೇಲೆ ಗೊತ್ತಾಯಿತು, ಆ ಅನುಭವ ನನ್ನೊಳಗೆ ಬೆಳೆಸಿದ್ದು ಗಣಿತದ ಮೇಲಿನ ಪ್ರೀತಿಯನ್ನು. ದಿನವಿಡೀ ಮಕ್ಕಳ ಜೊತೆ ಇರುವುದು ಬೇರೆಯೇ ಕೆಲಸ. ಒಬ್ಬ ಅದ್ಭುತ ಗುರುವನ್ನು ನೋಡಿದರೆ ನಾವೂ ಗುರುವಾಗುತ್ತೇವೆ ಎನ್ನುವವರು ಇದನ್ನು ಯೋಚಿಸಲಿ.

ಇನ್ನೊಂದು ಬಗೆ ಇದೆ, ಅದು ಹೆಚ್ಚು ಅಪಾಯದ್ದು. ನನ್ನ ಸಹೋದ್ಯೋಗಿಯೊಬ್ಬರು ಬಾಲ್ಯದಲ್ಲಿ ಏಟು ತಿಂದು ಬೆಳೆದವರು. ತನಗಾದದ್ದು ಯಾವ ಮಗುವಿಗೂ ಆಗಬಾರದು ಎಂದೇ ಶಿಕ್ಷಕರಾದವರು. ಕೋಲು ಮುಟ್ಟಲಿಲ್ಲ, ಸರಿ. ಆದರೆ ಮಕ್ಕಳು ಗದ್ದಲ ಮಾಡಿದರೆ ಅವರ ಕಣ್ಣಲ್ಲಿ ನೀರು. ನನ್ನ ಮೇಲೆ ನಿಮಗೆ ಪ್ರೀತಿಯೇ ಇಲ್ಲ ಎಂದು ಕೇಳುತ್ತಿದ್ದರು. ಹತ್ತು ವರ್ಷದ ಮಕ್ಕಳು ಟೀಚರ್‌ಗೆ ಸಮಾಧಾನ ಹೇಳಬೇಕಾಗಿತ್ತು. ತನ್ನ ಗಾಯಕ್ಕೆ ಮದ್ದು ಹುಡುಕಿಕೊಂಡು ತರಗತಿಗೆ ಬರುವವರಿದ್ದಾರೆ. ಅಲ್ಲಿರುವ ಮಕ್ಕಳಿಗೆ ಆ ಸಾಲದ ಲೆಕ್ಕವೇ ಗೊತ್ತಿರುವುದಿಲ್ಲ, ಆದರೂ ತೀರಿಸುವವರು ಅವರೇ.

ಕೊನೆಯದಾಗಿ ಕಾಸಿನ ಮಾತು. 2018ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ, ಬಿ.ಇಡಿ. ಆದವರೂ ಒಂದರಿಂದ ಐದನೇ ತರಗತಿಗೆ ಅರ್ಹರು ಎಂದು ಅಧಿಸೂಚನೆ ಹೊರಡಿಸಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದಿತು. ನಡುವಿನ ಐದು ವರ್ಷ ಆ ನಂಬಿಕೆಯಲ್ಲಿ ಓದಿದವರ ಅನುಭವವನ್ನೂ ಯಾರಾದರೂ ಬರೆಸಿಕೊಳ್ಳಲಿ. ನೀವು ಡಿ.ಎಲ್.ಇಡಿ. ಮಾಡುತ್ತಿರುವುದರಿಂದ ಆ ಬಾಗಿಲು ನಿಮಗೆ ತೆರೆದಿದೆ. ಆದರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇದೆ, ಆಮೇಲೆ ನೇಮಕಾತಿಗೆ ಕಾಯುವುದಿದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ಅದು ಕೂಡ ಆರರಿಂದ ಎಂಟನೇ ತರಗತಿಗೆ. ಕಥೆಯ ಜೊತೆಗೆ ಇದನ್ನೂ ಇಟ್ಟುಕೊಳ್ಳಿ.

ಬಯಲುಸೀಮೆ ಮೇಷ್ಟ್ರು:

ಹೆಸರಿಗೆ ತಕ್ಕ ಖಾರ. ಬಹುಪಾಲು ಒಪ್ಪುತ್ತೇನೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಹೊಸದಾಗಿ ಬಂದವರನ್ನು ಏಕೆ ಈ ಕೆಲಸಕ್ಕೆ ಬಂದಿರಿ ಎಂದು ಕೇಳುತ್ತಿರಲಿಲ್ಲ. ಎಲ್ಲರ ಬಳಿಯೂ ಒಳ್ಳೆಯ ಉತ್ತರ ಇರುತ್ತದೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಅವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡುತ್ತಿದ್ದೆ. ಸಾಲಿನ ಕೊನೆಯಲ್ಲಿ ನಿಂತವರು ಬಹುಮಟ್ಟಿಗೆ ಉಳಿದರು.

ಆದರೆ ಒಂದು ಕಡೆ ನಿಮ್ಮ ಮಾತು ನನಗೆ ಸರಿಕಾಣುವುದಿಲ್ಲ. ಗಾಯ ಇದ್ದವರು ಬರಬಾರದು ಎಂದರೆ ಬರುವವರು ಯಾರು? ಏಲಕ್ಕಿ ಅವರ ಗಾಯ ಅವರಿಗೆ ಒಂದು ಕೆಲಸ ಕಲಿಸಿದೆ. ಸುಮ್ಮನೆ ಕೂತ ಮಗುವನ್ನು ಅವರು ಮಂದ ಎಂದುಕೊಳ್ಳುವುದಿಲ್ಲ. ನಿಮ್ಮ ಸಹೋದ್ಯೋಗಿಗೆ ಅದು ಬರೀ ನೋವಾಗಿ ಉಳಿಯಿತು. ಅವರಿಗೆ ಆ ಶಾಲೆಯಲ್ಲಿ ಕೈಹಿಡಿದು ಹೇಳುವ ಹಿರಿಯರು ಯಾರಾದರೂ ಇದ್ದರೇ?

ಕರಿಮೆಣಸು:

ಇರಲಿಲ್ಲ. ಅದು ಸರಿಯಾದ ಪ್ರಶ್ನೆ.

ಹಾಡಿಯವನು:

ನಾನು ತಿತಿಮತಿ ಕಡೆಯ ಹಾಡಿಯವನು (ಹಾಡಿ ಎಂದರೆ ನಮ್ಮ ಬುಡಕಟ್ಟಿನವರ ಕೇರಿ), ಜೇನುಕುರುಬ. ಬಿ.ಇಡಿ. ಆಗಿದೆ, ಆರರಿಂದ ಎಂಟನೇ ತರಗತಿಯ ಶಿಕ್ಷಕರಿಗಿರುವ ಟಿಇಟಿ ಪತ್ರಿಕೆ 2ಕ್ಕೆ ಓದುತ್ತಿದ್ದೇನೆ. ಸಂಜೆ ಹಾಡಿಯ ಮಕ್ಕಳಿಗೆ ಪಾಠ ಹೇಳುತ್ತೇನೆ.

ಬುಡಕಟ್ಟು ಮಕ್ಕಳ ವಸತಿ ಶಾಲೆಯಾದ ಆಶ್ರಮ ಶಾಲೆಯಲ್ಲಿ ಓದಿದವನು ನಾನು. ಅಲ್ಲಿಂದ ಮನೆಗೆ ಓಡಿಹೋಗುವುದು ನಮಗೆಲ್ಲ ಒಂದು ಅಭ್ಯಾಸ. ಕಾಡಿನ ದಾರಿ ನಮಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿಲ್ಲ. ಹಿಡಿದು ತಂದರೆ ಮತ್ತೆ ಓಡುತ್ತಿದ್ದೆವು. ಗೋಡೆ, ಗಂಟೆ, ರಾತ್ರಿ ಸಾಲಾಗಿ ಮಲಗುವುದು, ಯಾವುದೂ ನಮ್ಮದಲ್ಲ. ಅದನ್ನು ನೋಡಿ ಹಾಡಿಯ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಬರೆದುಕೊಂಡರು.

ನಾನು ಓಡುವುದನ್ನು ಬಿಟ್ಟದ್ದು ಅಡುಗೆಗೆ ಬಂದ ಒಬ್ಬ ಅಕ್ಕನಿಂದ. ಅವರು ನಮ್ಮ ಮಾತು ಆಡುತ್ತಿದ್ದರು. ನಮ್ಮ ಅಜ್ಜಿ ಯಾರು, ಯಾವ ಹಾಡಿ, ಈ ವರ್ಷ ಜೇನಿಗೆ ಯಾರು ಯಾರು ಹೋದರು ಎಂದು ಕೇಳುತ್ತಿದ್ದರು. ಕೆಲವೊಮ್ಮೆ ಗೆಣಸು ಸುಟ್ಟು ಕೊಡುತ್ತಿದ್ದರು. ಆ ಕಟ್ಟಡದಲ್ಲಿ ನಮ್ಮವರು ಒಬ್ಬರಿದ್ದಾರೆ ಎಂದಾದ ಮೇಲೆ ಪಾಠವೂ ಸ್ವಲ್ಪ ಸ್ವಲ್ಪ ಕಿವಿಗೆ ಬಿತ್ತು. ನನ್ನನ್ನು ಶಿಕ್ಷಕನ ದಾರಿಗೆ ತಂದವರು ಯಾರು ಎಂದು ಸಂದರ್ಶನದಲ್ಲಿ ಕೇಳಿದರೆ ಅಡುಗೆಯವರು ಎಂದೇ ಹೇಳುತ್ತೇನೆ. ಅವರು ಓದಿದವರಲ್ಲ.

ನಾನು ಟೀಚರ್ ಆಗಬೇಕೆಂದಿರುವುದು ದೊಡ್ಡ ಕಾರಣಕ್ಕಲ್ಲ. ಆ ಅಕ್ಕನ ಜಾಗ ಅಡುಗೆಮನೆಯಲ್ಲಿ ಇತ್ತು, ಹಲಗೆಯ ಮುಂದೆ ಇರಲಿಲ್ಲ. ಹಲಗೆಯ ಮುಂದೆಯೂ ಒಬ್ಬರಿರಲಿ ಎಂದು.

ಸೋಮವಾರಪೇಟೆ ತಾಯಿ:

ನಾನು ಶಿಕ್ಷಕಿಯಲ್ಲ, ಓದಲು ಬಂದವಳು. ಒಂದು ಮಾತು ಬರೆದು ಹೋಗುತ್ತೇನೆ. ನನ್ನ ಮಗನ ಟೀಚರ್ ಏಕೆ ಟೀಚರ್ ಆದರು ಎಂದು ನಾನು ಇದುವರೆಗೆ ಯೋಚಿಸಿಯೇ ಇರಲಿಲ್ಲ. ಅವರು ಮುಂದಿನ ವರ್ಷವೂ ಇದೇ ಶಾಲೆಯಲ್ಲಿ ಇರುತ್ತಾರಾ ಎಂಬುದಷ್ಟೇ ನಮ್ಮ ಚಿಂತೆ. ಮೂರು ವರ್ಷದಲ್ಲಿ ನಾಲ್ಕು ಜನ ಬದಲಾದರು.

ಕರಿಮೆಣಸು:

ವಿದ್ಯಾರ್ಥಿನಿ, ಎಲ್ಲರ ಬಾಯಿ ಬಿಡಿಸಿದಿರಿ. ನಿಮ್ಮದು ಇನ್ನೂ ಬಂದಿಲ್ಲ.

ಕೂಡಿಗೆ ವಿದ್ಯಾರ್ಥಿನಿ:

ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಹಾಡಿಯ ಅಣ್ಣ ಬರೆದದ್ದನ್ನು ಓದಿದ ಮೇಲೆ ಬರೆಯಬಹುದು ಅನ್ನಿಸಿತು.

ನಮ್ಮ ಅಪ್ಪ ತೋಟದಲ್ಲಿ ರೈಟರ್. ನಾನು ಓದುತ್ತಿದ್ದ ಶಾಲೆಯಲ್ಲಿ ಏಳನೇ ತರಗತಿಯಲ್ಲಿ ಅಂಕದ ಪ್ರಕಾರ ಕೂರಿಸುತ್ತಿದ್ದರು. ಪ್ರತಿ ಕಿರುಪರೀಕ್ಷೆ ಆದ ಮೇಲೆ ಎಲ್ಲರೂ ಚೀಲ ಎತ್ತಿಕೊಂಡು ಜಾಗ ಬದಲಿಸಬೇಕು. ಅಂಕ ಜೋರಾಗಿ ಓದುತ್ತಿದ್ದರು. ನಾನು ಹಿಂದಿನ ಬೆಂಚಿನವಳು. ಅಲ್ಲಿಗೆ ಕುಯ್ಲಿನ ಸಮಯದಲ್ಲಿ ಒಬ್ಬ ಹುಡುಗ ಬಂದು ಸೇರಿದ. ಅವನ ಅಪ್ಪ ಅಮ್ಮ ಅಸ್ಸಾಮಿನಿಂದ ನಮ್ಮ ತೋಟಕ್ಕೆ ಬಂದವರು. ಅವನಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ.

ಆದರೆ ಲೆಕ್ಕ? ಸಂಜೆ ಹಣ್ಣು ತೂಗುವಾಗ ಅವನು ತಕ್ಕಡಿಯ ಪಕ್ಕ ನಿಂತಿರುತ್ತಿದ್ದ. ಇಷ್ಟು ಕಿಲೋ, ಕಿಲೋಗೆ ಇಷ್ಟು, ಮುಂಗಡ ಕಳೆದರೆ ಇಷ್ಟು ಎಂದು ಅಪ್ಪ ಪುಸ್ತಕದಲ್ಲಿ ಬರೆಯುವ ಮೊದಲೇ ಹೇಳಿಬಿಡುತ್ತಿದ್ದ. ಅಪ್ಪ ಒಮ್ಮೆ ತಾವು ಬರೆದದ್ದನ್ನು ಹೊಡೆದುಹಾಕಿ ಅವನು ಹೇಳಿದ್ದನ್ನು ಬರೆದದ್ದನ್ನು ನಾನೇ ನೋಡಿದ್ದೇನೆ. ಅದೇ ಹುಡುಗನಿಗೆ ತರಗತಿಯಲ್ಲಿ ಗಣಿತಕ್ಕೆ ಸೊನ್ನೆ. ಪ್ರಶ್ನೆ ಓದಲು ಬಾರದವನು ಉತ್ತರ ಎಲ್ಲಿಂದ ಬರೆಯುತ್ತಾನೆ?

ನನಗೆ ಟಿ.ವಿ. ನೋಡಿ ಬಂದ ಅರೆಬರೆ ಹಿಂದಿ ಇತ್ತು. ಕಿರುಪರೀಕ್ಷೆಯಲ್ಲಿ ಪ್ರಶ್ನೆಯನ್ನು ಮೆಲ್ಲಗೆ ಅವನಿಗೆ ಹಿಂದಿಯಲ್ಲಿ ಹೇಳತೊಡಗಿದೆ. ಅವನು ಬಿಡಿಸುತ್ತಿದ್ದ. ಅವನು ಬಿಡಿಸುವ ಬಗೆಯನ್ನು ನೋಡಿ ನನಗೂ ಗಣಿತ ಹತ್ತಿರವಾಯಿತು. ಇಬ್ಬರ ಅಂಕವೂ ಏರಿತು. ಆಗ ನಕಲು ಎಂದು ಹಿಡಿದರು. ನನ್ನನ್ನು ಎಬ್ಬಿಸಿ ನಿಲ್ಲಿಸಿ ಕೇಳಿದರು, ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಪರೀಕ್ಷೆಯಲ್ಲಿ ಮಾತಾಡುವುದೇ ನಕಲು ಎಂದರು. ಅವನನ್ನು ಬಾಗಿಲ ಬಳಿ ಒಬ್ಬನೇ ಕೂರುವಂತೆ ಮಾಡಿದರು. ಮಾರ್ಚಿನಲ್ಲಿ ಕುಯ್ಲು ಮುಗಿಯಿತು, ಅವರ ಕುಟುಂಬ ಬೇರೆ ಕಡೆಗೆ ಹೋಯಿತು. ವರ್ಗಾವಣೆ ಪತ್ರ ಕೇಳಲು ಕೂಡ ಯಾರೂ ಬರಲಿಲ್ಲ.

ನನಗೆ ಆ ಮೇಷ್ಟ್ರ ಮೇಲೆ ಈಗಲೂ ಸಿಟ್ಟಿದೆ. ಸಿಟ್ಟಿನಿಂದ ಟೀಚರ್ ಆಗಲು ಹೊರಟವಳು ಎಂದು ಬರೆದುಕೊಡಲು ಆಗುತ್ತದೆಯೇ? ಕರಿಮೆಣಸು ಸರ್ ಹೇಳಿದ ಸಾಲದ ಮಾತು ಓದಿದ ಮೇಲೆ ಇನ್ನೂ ಗೊಂದಲ.

ಕರಿಮೆಣಸು:

ಮೊದಲು ಗಣಿತದವನಾಗಿ ಹೇಳುತ್ತೇನೆ. ಅದು ನಕಲಲ್ಲ. ಗಣಿತದ ಪರೀಕ್ಷೆ ಕನ್ನಡ ಓದುವ ಪರೀಕ್ಷೆಯಲ್ಲ. ಪ್ರಶ್ನೆಯನ್ನು ಮಗುವಿಗೆ ತಿಳಿಯುವ ಹಾಗೆ ಹೇಳುವುದು ಮೇಷ್ಟ್ರ ಕೆಲಸವಾಗಿತ್ತು. ಅವರು ಮಾಡಲಿಲ್ಲ, ನೀವು ಮಾಡಿದಿರಿ.

ಇನ್ನು ಸಿಟ್ಟು. ನಾನು ಬರೆದದ್ದು ತನಗಾಗಿ ಅಳುವವರ ಬಗ್ಗೆ. ನಿಮ್ಮ ಸಿಟ್ಟು ಆ ಹುಡುಗನ ಪರವಾಗಿ ಇದೆ. ಎರಡೂ ಬೇರೆ. ಹಾಗೆಯೇ ಬರೆದುಕೊಡಿ, ಶ್ಲೋಕ ಬೇಡ.

ಏಲಕ್ಕಿ:

ತಂಗಿ, ಕಥೆ ಬರೆದುಕೊಟ್ಟು ಮುಗಿಸಬೇಡ. ಇಂಟರ್ನ್‌ಶಿಪ್‌ಗೆ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ ಶಾಲೆ ಸಿಕ್ಕಿದರೆ ತರಗತಿಯಲ್ಲಿ ಅಸ್ಸಾಂ, ಬಂಗಾಳದ ಕಡೆಯ ಮಕ್ಕಳು ಇದ್ದೇ ಇರುತ್ತಾರೆ. ಅವನ ಹಾಗಿನವರು ಈಗ ಹೆಚ್ಚು. ನಾನು ಮಾಡುವುದನ್ನು ಹೇಳುತ್ತೇನೆ, ಬೇಕಾದದ್ದು ತೆಗೆದುಕೊ.

ಸೇರಿದ ವಾರ ಅಂಕಿಗಳನ್ನು ಅವರ ಭಾಷೆಯಲ್ಲಿ ಅವರಿಂದಲೇ ಇಡೀ ತರಗತಿಗೆ ಹೇಳಿಸು. ಒಂದರಿಂದ ಹತ್ತು ಸಾಕು. ಆ ಮಗು ಒಂದು ದಿನವಾದರೂ ಕಲಿಸುವ ಕಡೆ ನಿಂತಿರಬೇಕು. ಲೆಕ್ಕದ ಪ್ರಶ್ನೆಯನ್ನು ಬರೆದು ಕೊಡುವ ಮೊದಲು ವಸ್ತು ಹಿಡಿದು ಮಾಡಿ ತೋರಿಸು. ಎರಡೂ ಭಾಷೆ ಬರುವ ಮಗುವನ್ನು ಜೊತೆಗೆ ಕೂರಿಸು, ಆದರೆ ಅದೇ ಮಗುವನ್ನು ವರ್ಷವಿಡೀ ದುಡಿಸಬೇಡ, ಬದಲಿಸುತ್ತಿರು. ನಾನು ಹಾಗೆ ದುಡಿದವಳಾದ್ದರಿಂದ ಹೇಳುತ್ತಿದ್ದೇನೆ. ಯಾರಾದರೂ ತಡೆದರೆ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ತೋರಿಸು. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಇರಬೇಕು ಎಂದು ಅದರಲ್ಲೇ ಇದೆ. ಕುಟುಂಬ ಹೊರಡುವ ಸುದ್ದಿ ಕೂಲಿಯವರನ್ನು ಕರೆತರುವ ಮೇಸ್ತ್ರಿಗೆ ಮೊದಲು ಗೊತ್ತಾಗುತ್ತದೆ. ಅವರ ಫೋನ್ ನಂಬರ್ ಇಟ್ಟುಕೊಂಡು, ಹೊರಡುವ ಮುನ್ನವೇ ವರ್ಗಾವಣೆ ಪತ್ರ ಮಾಡಿಸಿ ಕೈಗೆ ಕೊಡಿಸು. ಮುಂದಿನ ಶಾಲೆಗೆ ಸೇರಲು ಅದು ಕಡ್ಡಾಯವಲ್ಲ, ಆದರೆ ಇದ್ದರೆ ಯಾವ ತರಗತಿ ಎಂಬ ಜಗಳ ಇರುವುದಿಲ್ಲ.

ಮತ್ತೊಂದು ಸಂಗತಿ, ನಗಬೇಡ. ನಾನೂ ಈಗ ಟಿಇಟಿಗೆ ಓದುತ್ತಿದ್ದೇನೆ. ಆ ಪರೀಕ್ಷೆಯೇ ಇಲ್ಲದ ಕಾಲದಲ್ಲಿ ನೇಮಕವಾದವಳು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತಲ್ಲ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಪಾಸಾಗಬೇಕು ಎಂದು. 150 ಪ್ರಶ್ನೆ, 150 ನಿಮಿಷ. ಮಗಳು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ನನ್ನನ್ನು ಕೇಳುತ್ತಿದ್ದಾಳೆ. ಶಿಶು ವಿಕಸನದ ಭಾಗದಲ್ಲಿ ನಾನು ದಿನಾ ಮಾಡುವ ಕೆಲಸಕ್ಕೆಲ್ಲ ಏನೇನೋ ಹೆಸರುಗಳಿವೆ. ಭಾನುವಾರ ನಮ್ಮ ಮನೆಯಲ್ಲಿ ಇಬ್ಬರು ಸಹೋದ್ಯೋಗಿಗಳು ಸೇರಿ ಓದುತ್ತಿದ್ದೇವೆ. ನೀನೂ ಬಾ.

ಕೂಡಿಗೆ ವಿದ್ಯಾರ್ಥಿನಿ:

ಖಂಡಿತ ಬರುತ್ತೇನೆ ಅಕ್ಕ. ನನ್ನ ಬಳಿ ಶಿಶು ವಿಕಸನದ ಒಳ್ಳೆಯ ಟಿಪ್ಪಣಿಗಳಿವೆ, ತರುತ್ತೇನೆ. ಗಣಿತವೇ ಭಯ.

ಕರಿಮೆಣಸು:

ಒಂದರಿಂದ ಐದನೇ ತರಗತಿಯವರ ಪತ್ರಿಕೆ 1ರಲ್ಲಿ ಗಣಿತ 30 ಅಂಕ. ಅಷ್ಟಕ್ಕೆ ನಾನು ಬರಬಲ್ಲೆ, ರೊಬಸ್ಟಾ ಕುಯ್ಲು ಮುಗಿಯಲಿ. ದೊಡ್ಡವರಿಗೆ ಪಾಠ ಮಾಡುವುದಾದರೆ ನನಗೆ ತಕರಾರಿಲ್ಲ.

ಹಾಡಿಯವನು:

ಪತ್ರಿಕೆ 2 ಬರೆಯುವವರೂ ಬರಬಹುದೇ?

ಏಲಕ್ಕಿ:

ಬನ್ನಿ ತಮ್ಮ. ಶಿಶು ವಿಕಸನ, ಭಾಷೆ ಎರಡಕ್ಕೂ ಒಟ್ಟಿಗೇ ಓದಬಹುದು. ಬೆಳಗಿನ ಬಸ್ಸಿಗೆ ಹೊರಡಿ. ನಾಲ್ಕು ಗಂಟೆಗೆಲ್ಲ ಬಿಟ್ಟುಬಿಡುತ್ತೇವೆ, ಕತ್ತಲಾದರೆ ನಮ್ಮ ರಸ್ತೆಯಲ್ಲಿ ಆನೆ.